ಲಾಸ್‌ಲೆಸ್ ಪ್ಲಾನ್ ತಗೊಂಡ್ರೂ ಪಿಸಿಯಲ್ಲಿ ಹಾಡು ಡಬ್ಬದೊಳಗಿಂದ ಬಂದ ಹಾಗಿದೆ, ಏನ್ ಮಾಡ್ಲಿ?

ತುಂಗಾತೀರ
ನಮಸ್ಕಾರ. ಇಷ್ಟು ದಿನ ಹಾಡು ಅಂದ್ರೆ ಫೋನು, ಇಯರ್‌ಫೋನು ಅಷ್ಟೇ. ಈಗ ಕೆಲಸ ಮನೆಯಿಂದಲೇ, ಶಿವಮೊಗ್ಗದ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ದಿನವೆಲ್ಲ ಕಂಪ್ಯೂಟರ್ ಮುಂದೆ. ಹಾಗಾಗಿ ಹಾಡೂ ಅದರಲ್ಲೇ. ಅಸೆಂಬಲ್ ಮಾಡಿಸಿದ ಪಿಸಿ, ವಿಂಡೋಸ್ 11, ಜೊತೆಗೊಂದು 2.1 ಸ್ಪೀಕರ್ ಸೆಟ್ (ಎರಡು ಪುಟ್ಟ ಸ್ಪೀಕರ್, ಬಾಸಿಗೊಂದು ವೂಫರ್). ಲಾಸ್‌ಲೆಸ್ (ಹಾಡಿನ ಯಾವ ವಿವರವನ್ನೂ ಕಳೆಯದೆ ಕಳಿಸೋದು) ಇರೋ ಪ್ಲಾನಿಗೆ ದುಡ್ಡೂ ಕಟ್ಟಿದೆ. ನಾನು ಕೇಳೋದು ಹಳೇ ಸಿನಿಮಾ ಹಾಡು, ಭಾವಗೀತೆ, ವೀಣೆ ಕಚೇರಿ. ಹಾಡೋರ ದನಿ ಡಬ್ಬದೊಳಗಿಂದ ಬಂದ ಹಾಗಿದೆ. ಬಾಸ್ ಅಂತೂ ಯಾವ ಹಾಡಿಗಾದ್ರೂ ಒಂದೇ ಗುಂಯ್. ಹಾಡು ನಿಲ್ಲಿಸಿ ಮೌಸ್ ಸ್ಕ್ರಾಲ್ ಮಾಡಿದ್ರೆ ಸ್ಪೀಕರಲ್ಲಿ ಚಿರ್ ಚಿರ್ ಅನ್ನುತ್ತೆ. ಅಂಗಡಿಯಲ್ಲಿ ಕೇಳಿದ್ರೆ "ಡ್ಯಾಕ್ ಹಾಕ್ಸಿ ಸಾರ್, ಬೇರೆ ಲೆವೆಲ್ ಆಗುತ್ತೆ" ಅಂತಾರೆ (ಡಿಜಿಟಲ್ ಹಾಡನ್ನು ವಿದ್ಯುತ್ ಅಲೆ ಮಾಡೋ ಚಿಪ್ಪಂತೆ). ಐದು ಸಾವಿರದವರೆಗೆ ಹಾಕಬಲ್ಲೆ. ಎಲ್ಲಿಗೆ ಹಾಕ್ಲಿ?

ಸೋಲ್ಡರ್_ಸುಬ್ಬ
ದುಡ್ಡು ಸದ್ಯ ಜೇಬಲ್ಲೇ ಇರಲಿ. ಇಷ್ಟು ಹೇಳಿ: ಸ್ಪೀಕರ್ ಪಿನ್ನು ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಲ್ಲಿದೆಯೋ ಹಿಂದಿನದರಲ್ಲೋ? ಎರಡು ಸ್ಪೀಕರ್ ಎಲ್ಲಿ ಕೂತಿವೆ, ವೂಫರ್ ಎಲ್ಲಿದೆ? ಹಾಡು ಹಾಕೋದು ಬ್ರೌಸರಲ್ಲೋ ಆ್ಯಪಲ್ಲೋ?

ತುಂಗಾತೀರ
ಪಿನ್ನು ಮುಂದಿನ ಜ್ಯಾಕಲ್ಲಿ, ಕೈಗೆ ಸಿಗುತ್ತಲ್ಲ. ಸ್ಪೀಕರ್ ಎರಡೂ ಮಾನಿಟರ್ ಹಿಂದೆ, ಟೇಬಲ್ ಚಿಕ್ಕದು. ವೂಫರ್ ಟೇಬಲ್ ಕೆಳಗೆ, ಗೋಡೆ ಮೂಲೆಗೆ ಒತ್ತಿಕೊಂಡಿದೆ. ಹಾಡು ಬ್ರೌಸರಿನ ಒಂದು ಟ್ಯಾಬಲ್ಲಿ.

ಸೋಲ್ಡರ್_ಸುಬ್ಬ
ಅರ್ಧ ಕಾಯಿಲೆ ಇಲ್ಲೇ ಸಿಕ್ತು. ಒಂದೊಂದಾಗಿ ನೋಡೋಣ.

ಆ ಚಿರ್ ಚಿರ್. ಮುಂದಿನ ಜ್ಯಾಕಿಗೆ ಮದರ್‌ಬೋರ್ಡಿನಿಂದ ಒಂದು ತೆಳು ವೈರು ಕ್ಯಾಬಿನೆಟ್ಟಿನೊಳಗೆ ಅಡ್ಡಡ್ಡ ಹಾದು ಬರುತ್ತೆ, ಎಷ್ಟೋ ಕ್ಯಾಬಿನೆಟ್ಟಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ. ಸ್ಕ್ರೀನ್ ಮೇಲೆ ಏನಾದ್ರೂ ಅಲುಗಾಡಿದಾಗ ಕಾರ್ಡ್ ಎಳೆಯೋ ಕರೆಂಟ್ ಏರಿಳಿಯುತ್ತೆ, ಆ ಗಲಾಟೆಯನ್ನು ಈ ವೈರು ಹೆಕ್ಕಿಕೊಳ್ಳುತ್ತೆ. ಪಿನ್ನು ಕಿತ್ತು ಹಿಂದಿನ ಹಸಿರು ಜ್ಯಾಕಿಗೆ ಹಾಕಿ. ಮುಕ್ಕಾಲು ಪಾಲು ಅಲ್ಲೇ ಹೋಗುತ್ತೆ.

ವಾಲ್ಯೂಮ್. ವಿಂಡೋಸ್ ಮತ್ತು ಆ್ಯಪ್ ಎರಡರಲ್ಲೂ ನೂರಕ್ಕಿಟ್ಟು, ಏರಿಸೋದು ಇಳಿಸೋದು ಸ್ಪೀಕರಿನ ತಿರುಗುಣಿಯಲ್ಲಿ ಮಾಡಿ. ಕಂಪ್ಯೂಟರಲ್ಲಿ ಮೂವತ್ತಕ್ಕಿಟ್ಟು ಸ್ಪೀಕರನ್ನು ಪೂರ್ತಿ ತಿರುಗಿಸಿದ್ರೆ ಹಾಡಿನ ಜೊತೆ ಪಿಸಿಯ ಗಲಾಟೆಯನ್ನೂ ಸ್ಪೀಕರ್ ದೊಡ್ಡದು ಮಾಡುತ್ತೆ.

ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ನಿಮ್ಮ ಸ್ಪೀಕರ್ ಮೇಲೆ ಒತ್ತಿ. ಅಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಮದರ್‌ಬೋರ್ಡ್ ಜೊತೆ ಬಂದ ಆಡಿಯೋ ಸಾಫ್ಟ್‌ವೇರ್ ಇದ್ರೆ ಅದರಲ್ಲಿ "ಹಾಲ್", "ಕನ್ಸರ್ಟ್" ಅಂತೆಲ್ಲ ಇರುತ್ತೆ, ಎಲ್ಲ ತೆಗೀರಿ. ಡಬ್ಬದ ದನಿಗೆ ಅದೇ ಕಾರಣ ಆಗಿರೋದನ್ನ ಬೇಕಾದಷ್ಟು ನೋಡಿದ್ದೀನಿ.

ಇನ್ನು ಬ್ರೌಸರ್. ಕೆಲವು ಸೇವೆಗಳು ಬ್ರೌಸರಿಗೆ ಪೂರ್ತಿ ಕ್ವಾಲಿಟಿ ಕಳಿಸಲ್ಲ. ಆ್ಯಪಲ್ ಮ್ಯೂಸಿಕ್‌ನ ಲಾಸ್‌ಲೆಸ್ ಬೇಕಂದ್ರೆ ಅದರ ಆ್ಯಪೇ ಬೇಕು, ಬ್ರೌಸರಲ್ಲಿ ಬರೋದು ಎಎಸಿ, ಅಂದ್ರೆ ಒಂದಿಷ್ಟು ವಿವರ ಬಿಟ್ಟು ಕುಗ್ಗಿಸಿದ್ದು. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ದುಡ್ಡು ಕೊಟ್ಟವರಿಗೂ ಮೇಲಿನ ಮಿತಿ 256 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್ ಡೇಟಾ, ಇದನ್ನೇ ಬಿಟ್‌ರೇಟ್ ಅನ್ನೋದು). ಸ್ಪಾಟಿಫೈಯಲ್ಲಿ ಲಾಸ್‌ಲೆಸ್ ಅನ್ನು ಪ್ರತಿ ಸಾಧನದಲ್ಲೂ ಬೇರೆಯಾಗಿ ಆನ್ ಮಾಡಬೇಕು, ಫೋನಲ್ಲಿ ಮಾಡಿದ್ದು ಪಿಸಿಗೆ ಬರಲ್ಲ. ದುಡ್ಡು ಕಟ್ಟಿದವರಲ್ಲಿ ಎಷ್ಟು ಜನ ಆ ಮೆನು ತೆರೆದು ನೋಡಿದ್ದಾರೋ!

ಚೆಂಡೆ_ಪೆಟ್ಟು
ಸುಬ್ಬಣ್ಣ ಹೇಳಿದ್ದು ಸರಿ ಉಂಟು. ಆದರೆ ನನ್ನ ಪ್ರಕಾರ ಮೊದಲು ಸರಿಯಾಗಬೇಕಾದ್ದು ಸ್ಪೀಕರಿನ ಜಾಗ. ಮಾನಿಟರಿನ ಹಿಂದೆ ಇಟ್ಟರೆ ಹೇಗೆ ಮಾರಾಯ್ರೆ? ಹೆಚ್ಚಿನ ಸ್ಥಾಯಿಯ ಶಬ್ದ ಟಾರ್ಚಿನ ಬೆಳಕಿನಂತೆ ನೇರ ಬರುವುದು. ಮುಂದೆ ಏನು ಅಡ್ಡ ಉಂಟೋ ಅಲ್ಲಿಗೇ ನಿಂತಿತು. ಕೆಳಸ್ಥಾಯಿ ಮಾತ್ರ ಬಳಸಿಕೊಂಡು ನಿಮ್ಮ ಕಿವಿಗೆ ಬರುತ್ತದೆ. ಮತ್ತೆ ದನಿ ಮಂಕಾಗದೆ ಏನಾಗಬೇಕು?

ಎರಡನ್ನೂ ಮಾನಿಟರಿನ ಆಚೆ ಈಚೆ ತನ್ನಿ. ಎರಡು ಸ್ಪೀಕರು ಮತ್ತು ನಿಮ್ಮ ತಲೆ, ಮೂರೂ ಸಮದೂರದಲ್ಲಿ ತ್ರಿಕೋನ ಆಗಬೇಕು. ಟ್ವೀಟರ್, ಅಂದರೆ ಹೆಚ್ಚಿನ ಸ್ಥಾಯಿ ನುಡಿಸುವ ಪುಟ್ಟ ಭಾಗ, ಕಿವಿಯ ಎತ್ತರಕ್ಕೆ ಬರಬೇಕು. ಸಣ್ಣ ಸ್ಪೀಕರಾದರೆ ಕೆಳಗೆ ಎರಡು ದಪ್ಪ ಪುಸ್ತಕ ಇಡಿ, ಅಥವಾ ಮುಂದಿನ ಅಂಚು ಎತ್ತಿ ಮುಖ ಮೇಲಕ್ಕೆ ಬಾಗಿಸಿ. ಕೆಳಗಿದ್ದರೆ ಟೇಬಲಿಗೆ ಬಡಿದ ಶಬ್ದವೂ ನೇರ ಬಂದ ಶಬ್ದವೂ ಒಂದು ಚೂರು ಹಿಂದೆಮುಂದೆ ಕಿವಿಗೆ ಮುಟ್ಟಿ ಕೆಲವು ಸ್ವರಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ.

ನಾನು ಕೇಳುವುದು ಹೆಚ್ಚಾಗಿ ಯಕ್ಷಗಾನ. ಬಿಟ್‌ರೇಟ್ ಮುಖ್ಯವೇ ಅಲ್ಲ ಎನ್ನುವವರು ಒಮ್ಮೆ ಕಡಿಮೆ ಬಿಟ್‌ರೇಟಿನ ಚೆಂಡೆ, ಚಕ್ರತಾಳ ಕೇಳಿ. ಥಟ್ಟನೆ ಬೀಳುವ ಪೆಟ್ಟು ಹಾಡನ್ನು ಕುಗ್ಗಿಸುವ ಈ ಕೋಡೆಕ್‌ಗಳಿಗೆ ಕಷ್ಟ. ಪೆಟ್ಟು ಬೀಳುವ ಮೊದಲೇ ಒಂದು ಸುಸ್ಸ್ ಎಂಬ ನೆರಳು ಕೇಳುತ್ತದೆ. ಎಂಪಿ3 ಕಾಲದಿಂದಲೂ ಪರೀಕ್ಷೆ ಮಾಡುವವರು ಕ್ಯಾಸ್ಟನೆಟ್ಸ್ ಎಂಬ ತಾಳವಾದ್ಯ ಬಳಸುವುದು ಇದಕ್ಕೇ. 320 ಕೆಬಿಪಿಎಸ್‌ಗೆ ಬಂದರೆ ನನಗೆ ಅದು ಗೊತ್ತಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬಿಟ್_ಪಕ್ಕಾ
ಎಲ್ರೂ ಪುಸ್ತಕ ಇಡಿ, ಟೇಬಲ್ ಸರಿಸಿ ಅಂತಿದ್ದೀರ, ಅಸಲಿ ವಿಷಯ ಬಿಟ್ಟುಬಿಟ್ರಿ ಗುರು. ವಿಂಡೋಸ್ ಎಲ್ಲ ಸದ್ದನ್ನೂ ಒಂದು ಮಿಕ್ಸರಿಗೆ ಹಾಕುತ್ತೆ. ಹಾಡು, ಮೇಲ್ ಬಂದ ಟಣ್, ವಿಡಿಯೋ, ಎಲ್ಲ ಒಂದೇ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಸದ್ದನ್ನ ಎಷ್ಟು ಸಲ ಅಳೆದಿದೆ ಅನ್ನೋ ಲೆಕ್ಕ) ಬರಬೇಕು. ಸಾಮಾನ್ಯವಾಗಿ ಅದು 48,000 ಇರುತ್ತೆ. ಸಿಡಿ ಕಾಲದಿಂದ ಬಂದ ಹಾಡುಗಳು 44,100. ಅಂದ್ರೆ ನೀವು ದುಡ್ಡು ಕೊಟ್ಟ ಲಾಸ್‌ಲೆಸ್ಸು ಡ್ಯಾಕ್ ಮುಟ್ಟೋ ಮೊದಲೇ ಬದಲಾಗಿರುತ್ತೆ. ಹಳೇ ಸೌಂಡ್ ಪ್ಯಾನೆಲ್ಲಲ್ಲಿ ಅಡ್ವಾನ್ಸ್‌ಡ್ ಟ್ಯಾಬಿಗೆ ಹೋಗಿ 24 ಬಿಟ್, 44,100 ಆರಿಸಿ. ಎಕ್ಸ್‌ಕ್ಲೂಸಿವ್ ಮೋಡ್ ಇರೋ ಪ್ಲೇಯರ್ ಆದ್ರೆ ಮಿಕ್ಸರನ್ನೇ ದಾಟಿ ನೇರ ಡ್ಯಾಕಿಗೆ ಹೋಗುತ್ತೆ. ಮ್ಯಾಕಲ್ಲೂ ಆ್ಯಪಲ್ ಮ್ಯೂಸಿಕ್ ತಾನಾಗಿ ರೇಟ್ ಬದಲಿಸಲ್ಲ, ಆಡಿಯೋ ಮಿಡಿ ಸೆಟಪ್ ತೆರೆದು ಕೈಯಲ್ಲೇ ಬದಲಿಸ್ಬೇಕು. ಲಿನಕ್ಸಲ್ಲಿ ಸದ್ದು ನೋಡ್ಕೊಳ್ಳೋ ಪೈಪ್‌ವೈರ್ ಕೂಡ ಮೊದಲಿಗೆ 48,000ಕ್ಕೇ ಕಟ್ಟಿಹಾಕಿರುತ್ತೆ, ಕಾನ್ಫಿಗ್ ಫೈಲಲ್ಲಿ 44,100 ಕೂಡ ಸೇರಿಸಿದ್ರೆ ಹಾಡಿಗೆ ತಕ್ಕ ಹಾಗೆ ಬದಲಾಗುತ್ತೆ. ಮತ್ತೆ ಹೌದು, ಒಂದು ಯುಎಸ್‌ಬಿ ಡ್ಯಾಕ್ ತಗೊಳ್ಳಿ.

ಸೋಲ್ಡರ್_ಸುಬ್ಬ
@ಬಿಟ್_ಪಕ್ಕಾ, ನೀನು ಹೇಳಿದ ವ್ಯವಸ್ಥೆ ನಿಜ, ತಕರಾರಿಲ್ಲ. ಕೇಳಿಸುತ್ತಾ ಅನ್ನೋದು ಪ್ರಶ್ನೆ. ಮಾನಿಟರ್ ಹಿಂದೆ ಸ್ಪೀಕರಿಟ್ಟು ಗೋಡೆ ಮೂಲೆಗೆ ವೂಫರ್ ತಳ್ಳಿದವರಿಗೆ ಕೋಣೆಯೇ ಹತ್ತು ಹದಿನೈದು ಡೆಸಿಬೆಲ್ ಏರಿಳಿತ ಮಾಡ್ತಿರುತ್ತೆ. ಅಲ್ಲಿ ರೇಟ್ ಬದಲಿಸೋ ರೀಸ್ಯಾಂಪ್ಲಿಂಗ್ ಲೆಕ್ಕ ಹಾಕಿ ಏನು ಪ್ರಯೋಜನ? 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಹರವು (ತೀರಾ ಮೆಲ್ಲಗಿಂದ ತೀರಾ ಜೋರಿನವರೆಗೆ) ಸಿಗುತ್ತೆ, 44,100 ಸ್ಯಾಂಪಲ್‌ಗೆ 20,000 ಹರ್ಟ್ಸ್‌ವರೆಗೂ ಸಿಗುತ್ತೆ. ನಲವತ್ತು ದಾಟಿದ ನನ್ನ ಕಿವಿಗೆ ಅದರ ಮೇಲ್ತುದಿ ಕೇಳೋದೇ ಇಲ್ಲ. ಜೊತೆಗೆ ತಲೆ ಮೇಲೆ ಫ್ಯಾನ್ ಐದರಲ್ಲಿ ತಿರುಗ್ತಿರುತ್ತೆ.

ಡ್ಯಾಕ್ ಅಂದ್ರೆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡೋ ಚಿಪ್ಪು. ಅವರ ಮದರ್‌ಬೋರ್ಡಲ್ಲೇ ಒಂದಿದೆ. ಹಿಂದಿನ ಜ್ಯಾಕಿಗೆ ಹಾಕಿದ ಮೇಲೂ ಗಲಾಟೆ ಬಂದ್ರೆ ಹೊರಗಿನದ್ದು ತಗೊಳ್ಳಲಿ, ಅದಕ್ಕೆ ಸಾವಿರ ಚಿಲ್ಲರೆಯ ಟೈಪ್-ಸಿ ಡಾಂಗಲ್ ಸಾಕು.

ಬಿಟ್_ಪಕ್ಕಾ
ನನಗೆ ವ್ಯತ್ಯಾಸ ಕೇಳುತ್ತೆ. ಸ್ಟೇಜ್, ಅಂದ್ರೆ ವಾದ್ಯಗಳು ಹರಡಿ ಕೂತಂತೆ ಕೇಳೋ ಜಾಗ, ಅಗಲ ಆಗುತ್ತೆ.

ಸೋಲ್ಡರ್_ಸುಬ್ಬ
ಕೇಳಬಹುದು. ಫೂಬಾರ್2000 ಪ್ಲೇಯರ್ ಇಳಿಸ್ಕೊಂಡು ಅದರ ಎಬಿಎಕ್ಸ್ (ಹೆಸರು ಮುಚ್ಚಿಟ್ಟು ಕೇಳಿಸೋ ಪರೀಕ್ಷೆ) ಕಾಂಪೊನೆಂಟ್ ಹಾಕು. ಒಂದೇ ಹಾಡಿನ ಫ್ಲ್ಯಾಕ್ (ಲಾಸ್‌ಲೆಸ್ ಫೈಲು) ಒಂದು, ಅದರಿಂದಲೇ ಮಾಡಿದ 320 ಒಂದು. ಯಾವುದು ಯಾವುದು ಅಂತ ಅದು ಹೇಳಲ್ಲ, ನೀನೇ ಗುರುತಿಸಬೇಕು. ಡ್ಯಾಕ್ ಹೋಲಿಸೋದಾದ್ರೆ ಎರಡರ ವಾಲ್ಯೂಮ್ ಮೊದಲು ಮೀಟರಲ್ಲಿ ಸಮ ಮಾಡ್ಕೋ. ಒಂದು ಡೆಸಿಬೆಲ್ ಜೋರಿದ್ರೆ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಗುರುತಿಸಿ ಫಲಿತಾಂಶ ಇಲ್ಲಿ ಹಾಕು, ನಾನೇ ನಿನ್ನ ಕಡೆ ಬರ್ತೀನಿ.

ರೈನ್_ದಂಡೆ
ಜರ್ಮನಿಯಿಂದ ಒಂದು ಮಾತು. ಇಲ್ಲಿ ಟೈಡಲ್, ಕೋಬಝ್ ಎಂಬ ಹಾಡಿನ ಸೇವೆಗಳು ಎರಡೂ ಸಿಗುತ್ತವೆ, ಎರಡರ ಆ್ಯಪಲ್ಲೂ ಎಕ್ಸ್‌ಕ್ಲೂಸಿವ್ ಮೋಡ್ ಇದೆ. ಆದರೆ ಅದು ಆನ್ ಇದ್ದರೆ ಬೇರೆ ಯಾವ ಸದ್ದೂ ಆ ಸಾಧನಕ್ಕೆ ಬರುವುದಿಲ್ಲ. ಆಫೀಸ್ ಕಾಲ್ ಬಂದರೆ ಮೌನ! ಇನ್ನೊಂದು, ಈಕ್ವಲೈಜರ್ ಎಪಿಒ (ಸ್ಥಾಯಿಗಳನ್ನು ಬೇಕಾದಂತೆ ಏರಿಸಿ ಇಳಿಸುವ, ಅಂದರೆ ಈಕ್ಯೂ ಮಾಡುವ ಸಾಫ್ಟ್‌ವೇರ್) ಬಳಸುವವರು ಗಮನಿಸಿ, ಅದು ವಿಂಡೋಸ್ ಮಿಕ್ಸರಿನೊಳಗೆ ಕೂತು ಕೆಲಸ ಮಾಡುವಂಥದ್ದು. ಎಕ್ಸ್‌ಕ್ಲೂಸಿವ್ ಹಾಕಿದರೆ ಅದನ್ನೂ ದಾಟಿ ಹೋಗುತ್ತದೆ. ಹಾಗಾಗಿ ಒಂದೋ ಬಿಟ್ ಶುದ್ಧ, ಇಲ್ಲ ಈಕ್ಯೂ. ನಾನು ಈಕ್ಯೂ ಆರಿಸಿಕೊಂಡೆ, ಲಾಭ ಅದರಲ್ಲೇ ಜಾಸ್ತಿ.

ಫರಸಿ_ಮನಿ
ಧಾರವಾಡದಿಂದ. ಯಾರೂ ಕೋಣಿ ಬಗ್ಗೆ ಮಾತಾಡವಲ್ರಿ. ನಮ್ಮ ಮನ್ಯಾಗ ನೆಲಕ್ಕ ಶಹಾಬಾದ ಫರಸಿ, ಗ್ವಾಡಿ ಬರೇ ಸುಣ್ಣ, ಸಾಮಾನು ಕಡಿಮಿ. ನಡು ನಿಂತು ಒಂದ ಚಪ್ಪಾಳಿ ಹೊಡದ ನೋಡ್ರಿ. ಟಂಯ್ ಅಂತ ಬಾಲ ಬಂತಂದ್ರ ನಿಮ್ಮ ಹಾಡಿನ ಪ್ರತಿ ಅಕ್ಷರಕ್ಕೂ ಅದ ಬಾಲ ಅಂಟಿರ್ತದ. ನಾನು ಕುರ್ಚಿ ಮತ್ತ ಟೇಬಲ್ ನಡುವ ನವಲಗುಂದ ಜಮಖಾನಿ ಹಾಸೀನಿ. ಸ್ಪೀಕರ್ ಎದುರಿನ ಗ್ವಾಡಿಗೆ, ಅಂದ್ರ ನಮ್ಮ ಬೆನ್ನ ಹಿಂದ, ಅವ್ವ ಹೊಲದ ಎರಡ ಕೌದಿ ಮಡಚಿ ತೂಗ ಹಾಕೀನಿ. ಹತ್ತು ಪದರ ಅರಿವಿ ಇರ್ತದ ಅದರಾಗ, ಅಂಗಡಿ ಫೋಮಿಗಿಂತ ಛಲೋ ಕೆಲಸ ಮಾಡ್ತದ. ಮಾತು ಬಿಡಿಬಿಡಿಯಾಗಿ ಕೇಳ್ತಾವು.

ಆದ್ರ ಬಾಸಿನ ಗುಂಯ್‌ಗೆ ಕೌದಿ ಏನೂ ಮಾಡಂಗಿಲ್ಲ. ಅದಕ್ಕ ವೂಫರ್ ಜಾಗಾನ ಬದಲ ಮಾಡಬೇಕು.

ಚೆಂಡೆ_ಪೆಟ್ಟು
ವೂಫರಿಗೆ ಒಂದು ಹಳೆಯ ಉಪಾಯ ಉಂಟು, ನೋಡಿದವರು ನಗುತ್ತಾರೆ. ವೂಫರನ್ನು ತೆಗೆದು ನೀವು ಕೂರುವ ಕುರ್ಚಿಯ ಮೇಲೆ ಇಡಿ. ಮೃದಂಗದ ಎಡಗಡೆ ಚೆನ್ನಾಗಿ ಕೇಳುವ ಒಂದು ತನಿ ಆವರ್ತನ ಹಾಕಿ. ನೀವು ನೆಲದಲ್ಲಿ ಗೋಡೆಯ ಬದಿಯಲ್ಲೇ ಅಂಬೆಗಾಲಿಕ್ಕಿ ಹೋಗಿ. ಎಲ್ಲಿ ಗುಮಕಿ ಸ್ವರ ಸ್ವರವಾಗಿ ಬೇರೆ ಬೇರೆ ಕೇಳುತ್ತದೋ ಅಲ್ಲಿಗೆ ವೂಫರ್ ಹಾಕಿ. ಮೂಲೆಯಲ್ಲಿ ಎರಡು ಗೋಡೆ, ನೆಲ ಮೂರೂ ಸೇರಿ ಉಬ್ಬಿಸುತ್ತವೆ, ಹಾಗಾಗಿ ಅಲ್ಲಿ ಎಲ್ಲವೂ ಒಂದೇ ಗುಂಯ್.

ಕೆಲಸದ_ಕರೆ
ನಡುವೆ ಬಂದೆ, ಬೇಜಾರಾಗ್ಬೇಡಿ. ನನ್ನದು ಸ್ಪೀಕರ್ ಅಲ್ಲ, ಬ್ಲೂಟೂತ್ ಹೆಡ್‌ಫೋನು. ಹಾಡು ಚೆನ್ನಾಗೇ ಬರುತ್ತೆ, ಮೀಟಿಂಗ್ ಶುರುವಾದ ಕೂಡಲೇ ಹಾಡು ಹಳೇ ಲ್ಯಾಂಡ್‌ಲೈನ್ ಥರ ಆಗಿಬಿಡುತ್ತೆ. ಅದಿಲ್ಲದಿದ್ದಾಗ ಆಗಾಗ ತುಂಡು ತುಂಡು. ಹೆಡ್‌ಫೋನೇ ಹಾಳಾ?

ಸೋಲ್ಡರ್_ಸುಬ್ಬ
ಹಾಳಾಗಿಲ್ಲ ಮೇಡಂ. ಸಾಮಾನ್ಯ ಬ್ಲೂಟೂತಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು. ಹೆಡ್‌ಫೋನಿನ ಮೈಕ್ ತೆರೆದ ಕ್ಷಣ ಕರೆಯ ದಾರಿಗೆ ಜಾರುತ್ತೆ. ಅಲ್ಲಿ ಸ್ಟೀರಿಯೋ ಇಲ್ಲ, ಸ್ಯಾಂಪಲ್ ರೇಟು 8,000 ಅಥವಾ 16,000. ಮೀಟಿಂಗ್ ಆ್ಯಪಿನ ಸೆಟ್ಟಿಂಗಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದ್ದೇ ಆರಿಸಿ, ಹೆಡ್‌ಫೋನನ್ನು ಕೇಳೋಕೆ ಮಾತ್ರ ಇಡಿ. ಇಳಿಯಲ್ಲ.

ತುಂಡಾಗೋದಕ್ಕೆ: ಬ್ಲೂಟೂತ್ ಡಾಂಗಲ್ ಇದ್ರೆ ಅದರ ಪಕ್ಕದ ನೀಲಿ ಯುಎಸ್‌ಬಿಯಲ್ಲಿ ಹಾರ್ಡ್‌ಡಿಸ್ಕ್ ಹಾಕಿದ್ದೀರಾ? ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗಲಾಟೆ ಹೊರಡುತ್ತೆ, ಬ್ಲೂಟೂತ್ ಇರೋದೂ ಅಲ್ಲೇ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ಪತ್ರ ಹೊರತಂದಿದ್ದಾರೆ. ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿಂದ ಡಾಂಗಲ್ಲನ್ನು ದೂರ ತನ್ನಿ.

ಕೆಲಸದ_ಕರೆ
ಮೈಕ್ ಬದಲಿಸಿದ ತಕ್ಷಣ ಸರಿಹೋಯ್ತು! ಥ್ಯಾಂಕ್ಸ್. ಡಿಸ್ಕ್ ಪಕ್ಕದಲ್ಲೇ ಇತ್ತು, ವೈರು ತರಿಸ್ತೀನಿ.

ಫರಸಿ_ಮನಿ
ಇನ್ನೊಂದ ಹೇಳೂದ ಮರತಿದ್ದೆ. ಕರೆಂಟ್ ಹೋಗಿ ಮನಿ ಯುಪಿಎಸ್ ಮ್ಯಾಲ ಬಂದ ಕೂಡ್ಲೇ ಸ್ಪೀಕರ್ ಗುರ್ರ್ ಅಂತಿದ್ರ, ಯುಪಿಎಸ್ ಸ್ಕ್ವೇರ್ ವೇವ್ ಇರ್ತದ. 50 ಹರ್ಟ್ಸ್ ಜೋಡಿ 150, 250, 350 ಹಿಂಗ ಬೆಸ ಸಂಖ್ಯಾದ ಪರಿವಾರನ ಬರ್ತದ. ಸೈನ್ ವೇವ್ ಇರೂದಕ್ಕ ಆ ತ್ರಾಸ ಇಲ್ಲ. ಕರೆಂಟ್ ಇದ್ದಾಗೂ ಹಮ್, ಅಂದ್ರ ಸಣ್ಣಗ ಗುಂಯ್ ಅನ್ನೂ ಸದ್ದು, ಇದ್ರ ಪಿಸಿ, ಸ್ಪೀಕರ್, ಮಾನಿಟರ್ ಎಲ್ಲಾ ಒಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ತರ್ರಿ. ಬ್ಯಾರೆ ಬ್ಯಾರೆ ಸಾಕೆಟ್ಟಿನಿಂದ ಬಂದ್ರ ಎರಡ ಅರ್ಥಿಂಗ್ ನಡುವ ಕರೆಂಟ್ ಸುತ್ತು ಹೊಡೀತದ.

ಸೋಲ್ಡರ್_ಸುಬ್ಬ
ಇದಕ್ಕೊಂದು ಎಚ್ಚರಿಕೆ. ಹಮ್ ಹೋಗ್ಲಿ ಅಂತ ಮೂರು ಪಿನ್ನಿನ ಪ್ಲಗ್ಗಲ್ಲಿ ಅರ್ಥ್ ಪಿನ್ ಮುರಿಯೋದು, ಎರಡು ಪಿನ್ನಿನ ಅಡಾಪ್ಟರ್ ಹಾಕೋದು ಮಾಡ್ಲೇಬೇಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅನ್ನುತ್ತೆ ಅಂದ್ರೆ ನಿಮ್ಮ ಸಾಕೆಟ್ಟಲ್ಲಿ ಅರ್ಥ್ ಇಲ್ಲ ಅಂತ ಅನುಮಾನ ಪಡಬೇಕು. ಹಳೇ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಅದು ಹಾಡಿಗಿಂತ ಮುಂಚಿನ ಕೆಲಸ. ಹಮ್ ಮಾತ್ರ ಉಳಿದಿದ್ರೆ ಆಪ್ಟಿಕಲ್ ಇನ್‌ಪುಟ್ ಇರೋ ಸ್ಪೀಕರಿಗೆ ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಲೋಹವೇ ಇಲ್ಲ, ಬೆಳಕಷ್ಟೇ.

ಹಳೇ_ಸ್ಪೂಲು
ತಡವಾಗಿ ಓದಿದೆ. ರೆಕಾರ್ಡಿಂಗ್ ಕೆಲಸದಲ್ಲಿ ಬಹಳ ಕಾಲ ಇದ್ದವನು, ಆ ಕಡೆಯಿಂದ ಎರಡು ಮಾತು. ತುಂಗಾತೀರ ಅವರು ಹಳೆಯ ಸಿನಿಮಾ ಹಾಡು ಎಂದಿದ್ದಾರೆ. ಅರವತ್ತು, ಎಪ್ಪತ್ತರ ದಶಕದ ನಮ್ಮ ಹೆಚ್ಚಿನ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಮೋನೋದಲ್ಲೇ, ಅಂದರೆ ಎಡಬಲ ಬೇರೆಯಿಲ್ಲದೆ ಒಂದೇ ದನಿಯಾಗಿ, ಧ್ವನಿಮುದ್ರಣವಾದವು. ಅವು ನಿಮಗೆ ತಲುಪುವ ಮೊದಲು ಡಿಸ್ಕು, ಕ್ಯಾಸೆಟ್ಟು, ಕಂಪ್ಯೂಟರ್ ಎಂದು ಎಷ್ಟು ಕೈ ದಾಟಿವೆ ಎಂಬುದೇ ಗುಣಮಟ್ಟ. ಕ್ಯಾಸೆಟ್ಟಿನಿಂದ ಏರಿಸುವಾಗ ಹೆಡ್ಡಿನ ಕೋನ ಟೇಪಿಗೆ ಸರಿಯಾಗಿ ಕೂರದಿದ್ದರೆ ಮೇಲಿನ ಸ್ಥಾಯಿ ಪೂರ್ತಿ ಸತ್ತುಹೋಗುತ್ತದೆ. ಅಂಥ ಪ್ರತಿಯನ್ನು 24 ಬಿಟ್ ಫ್ಲ್ಯಾಕ್ ಮಾಡಿದರೆ ಮಂಕುತನವೇ ನಿಷ್ಠೆಯಿಂದ ಕೇಳುತ್ತದೆ, ಅಷ್ಟೇ. ಟೇಪಿನ ವೇಗ ಹೆಚ್ಚುಕಡಿಮೆಯಾಗಿ ಶ್ರುತಿ ಅರ್ಧ ಮನೆ ಏರಿದ ಪ್ರತಿಗಳೂ ಓಡಾಡುತ್ತಿವೆ, ಶ್ರುತಿಪೆಟ್ಟಿಗೆ ಹಿಡಿದು ಕೂತರೆ ಗೊತ್ತಾಗುತ್ತದೆ. ಒಂದೇ ಹಾಡನ್ನು ಬೇರೆ ಬೇರೆ ಆಲ್ಬಂಗಳಲ್ಲಿ ಹುಡುಕಿ ಹೋಲಿಸಿ. ಮೂರು ಸಂಗ್ರಹಗಳಲ್ಲಿ ಮೂರು ಥರ ಇರುತ್ತದೆ. ಹೊಸದಾಗಿ ರೀಮಾಸ್ಟರ್ ಆದದ್ದೇ ಒಳ್ಳೆಯದು ಎಂದೇನಿಲ್ಲ. ಗದ್ದಲ ತೆಗೆಯಲು ಹೋಗಿ ತಂಬೂರಿಯ ಝೇಂಕಾರವನ್ನೂ ಒರೆಸಿದವರಿದ್ದಾರೆ.

ಇನ್ನು ಮೋನೋ ಹಾಡು ಸ್ಪೀಕರ್ ಪರೀಕ್ಷೆಗೆ ಬಹಳ ಒಳ್ಳೆಯದು. ಎರಡೂ ಸ್ಪೀಕರ್ ಸರಿಯಿದ್ದರೆ ದನಿ ಮಾನಿಟರಿನ ಮಧ್ಯದಲ್ಲಿ, ಎದುರು ನಿಂತು ಹಾಡಿದಂತೆ ನಿಲ್ಲಬೇಕು. ದನಿ ತಲೆಯ ಸುತ್ತ ಹರಡಿ ಪೊಳ್ಳಾಗಿ ಕೇಳಿದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ವೈರು ಅದಲುಬದಲಾಗಿದೆ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ತುಂಗಾತೀರ ಅವರ ವಿವರಣೆ ಓದಿದಾಗ ನನಗೆ ಮೊದಲು ಬಂದ ಅನುಮಾನ ಇದೇ. ವೈರುಗಳನ್ನು ನೋಡಿ.

ತುಂಗಾತೀರ
ಹಳೇ_ಸ್ಪೂಲು ಸಾರ್, ನಿಮಗೆ ದೊಡ್ಡ ನಮಸ್ಕಾರ. ವೂಫರ್ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಸ್ಪ್ರಿಂಗ್ ಕ್ಲಿಪ್ಪಲ್ಲಿ ಎಡಗಡೆ ಸ್ಪೀಕರಿನ ಗೆರೆ ಇರೋ ವೈರು ಕಪ್ಪಿನ ಬದಲು ಕೆಂಪಿಗೆ ಹೋಗಿದೆ, ಬಲಗಡೆಯದ್ದು ಸರಿ ಇದೆ. ತಿರುಗಿಸಿ ಹಾಕಿದ್ದೇ ತಡ ದನಿ ಮಧ್ಯಕ್ಕೆ ಬಂದು ಕೂತಿತು. ಪಕ್ಕದ ಕೋಣೆಯಿಂದ ಅಮ್ಮ "ಏನೋ ಅದು, ಟಿವಿ ಹಾಕಿದ್ಯಾ" ಅಂದ್ರು.

ಪಿನ್ನು ಹಿಂದಕ್ಕೆ ಹಾಕಿದೆ, ಚಿರ್ ಚಿರ್ ಇಲ್ಲ. ಎನ್‌ಹಾನ್ಸ್‌ಮೆಂಟ್ ಆಫ್. ಸ್ಪೀಕರ್ ಮಾನಿಟರ್ ಪಕ್ಕಕ್ಕೆ ಬಂದಿವೆ, ಟೇಬಲ್ಲಿನ ಮೇಲೆ ಕಾಫಿ ಲೋಟಕ್ಕೆ ಜಾಗ ಇಲ್ಲ ಅಷ್ಟೇ. ವೂಫರ್ ಮೂಲೆಯಿಂದ ಎರಡಡಿ ಈಚೆಗೆ. ಅಂಬೆಗಾಲು ಇನ್ನೂ ಆಗಿಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ಮಾಡ್ತೀನಿ. ಬ್ರೌಸರ್ ಬಿಟ್ಟು ಆ್ಯಪ್ ಹಾಕಿ ಲಾಸ್‌ಲೆಸ್ ಆನ್ ಮಾಡಿದೆ. ಇಷ್ಟೆಲ್ಲ ಆದ ಮೇಲೂ 320ಕ್ಕೂ ಅದಕ್ಕೂ ವೀಣೆಯಲ್ಲಿ ವ್ಯತ್ಯಾಸ ಇದೆಯಾ ಅಂದ್ರೆ ಆಣೆ ಮಾಡಿ ಹೇಳಲಾರೆ.

ಬಿಟ್_ಪಕ್ಕಾ
ಆ ಸ್ಪೀಕರಲ್ಲಿ ಗೊತ್ತಾಗಲ್ಲ ಬಿಡಿ. ಎಬಿಎಕ್ಸ್ ಮಾಡ್ದೆ, ಫಲಿತಾಂಶ ಬೇರೆ ಎಳೆಯಲ್ಲಿ ಹಾಕ್ತೀನಿ, ಇಲ್ಲಿ ಬೇಡ.

ಸೋಲ್ಡರ್_ಸುಬ್ಬ
😀 ಕಾಯ್ತಿರ್ತೀನಿ. ತುಂಗಾತೀರ, ಲಾಸ್‌ಲೆಸ್ ಡೇಟಾ ಲೆಕ್ಕವೂ ಗೊತ್ತಿರಲಿ. 320ರಲ್ಲಿ ಗಂಟೆಗೆ 144 ಎಂಬಿ. ಸಿಡಿ ಮಟ್ಟದ್ದು ಕುಗ್ಗಿಸದೇ ಇದ್ರೆ 635 ಎಂಬಿ, ಫ್ಲ್ಯಾಕ್ ಅದರ ಅರ್ಧದಿಂದ ಮುಕ್ಕಾಲರಷ್ಟು ಆಗಬಹುದು. ಫೈಬರ್ ಇದ್ರೆ ಚಿಂತೆ ಇಲ್ಲ, ಫೋನ್ ಹಾಟ್‌ಸ್ಪಾಟಲ್ಲಿ ಕೇಳೋದಾದ್ರೆ 320 ಸಾಕು. ಐದು ಸಾವಿರ ಹಾಗೇ ಎತ್ತಿಡಿ, ಇನ್ನಷ್ಟು ಕೂಡಿದ ಮೇಲೆ 2.1 ಬಿಟ್ಟು ಒಂದು ಒಳ್ಳೆ 2.0, ಅಂದ್ರೆ ವೂಫರಿಲ್ಲದ ಜೋಡಿ ತಗೊಳ್ಳಿ. 2.1ರ ಪುಟ್ಟ ಸ್ಪೀಕರುಗಳು ಕೆಳಗಿಳಿಯಲಾರದೆ ಗಂಡು ದನಿಯ ಕೆಳಭಾಗವನ್ನೂ ವೂಫರಿಗೇ ಬಿಡುತ್ತವೆ, ಹಾಡೋರ ಎದೆ ಟೇಬಲ್ ಕೆಳಗೆ, ಬಾಯಿ ಟೇಬಲ್ ಮೇಲೆ. ನಾಲ್ಕಿಂಚಿನ ಕೋನ್ ಇರೋ ಜೋಡಿಯಲ್ಲಿ ಆ ತೊಂದರೆ ಇರಲ್ಲ.

ತುಂಗಾತೀರ
ಸರಿ. ಕೊನೇದೊಂದು. ರಾತ್ರಿ ಹತ್ತರ ಮೇಲೆ ಸಣ್ಣಗೆ ಹಾಕಿದ್ರೆ ಎಲ್ಲ ಸಪ್ಪೆ, ಮೃದಂಗವೇ ಮಾಯ. ಕೆಳಗೆ ಓನರ್ ಮನೆ, ಜೋರು ಮಾಡೋ ಹಾಗಿಲ್ಲ.

ಹಳೇ_ಸ್ಪೂಲು
ಅದು ಸ್ಪೀಕರಿನ ದೋಷವಲ್ಲ, ಕಿವಿಯ ಸ್ವಭಾವ. ಸದ್ದು ಕಡಿಮೆಯಾದಂತೆ ಕೆಳಸ್ಥಾಯಿಯನ್ನು ಕಿವಿ ಬೇಗ ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಈಕ್ವಲೈಜರ್ ಎಪಿಒದಲ್ಲಿ ರಾತ್ರಿಗೆಂದೇ ಒಂದು ಪ್ರೊಫೈಲ್ ಮಾಡಿಕೊಳ್ಳಿ. 150 ಹರ್ಟ್ಸ್ ಕೆಳಗೆ ನಾಲ್ಕು ಡೆಸಿಬೆಲ್ ಏರಿಸಿ, ಪ್ರೀಆ್ಯಂಪ್ (ಒಟ್ಟು ಸದ್ದಿನ ಮಟ್ಟ) ಅಷ್ಟೇ ಇಳಿಸಿ. ಇಳಿಸದಿದ್ದರೆ ಜೋರು ಜಾಗಗಳಲ್ಲಿ ಒಡೆಯುತ್ತದೆ.

ಫರಸಿ_ಮನಿ
ವೂಫರ್ ಕೆಳಗ ದಪ್ಪನ್ನ ರಬ್ಬರ್ ತುಂಡ ನಾಕ ಇಡ್ರಿ. ನೆಲ ನಡುಗೂದ ಕಡಿಮಿ ಆತಂದ್ರ ಓನರ್ ಮನಿಗೂ ಅಷ್ಟ ಕಡಿಮಿ ಮುಟ್ಟತದ.

ತುಂಗಾತೀರ
ಹಳೇ ಸ್ಕೂಟರ್ ಟ್ಯೂಬ್ ಇದೆ, ಕತ್ತರಿಸಿ ಪದರ ಮಾಡಿ ಇಡ್ತೀನಿ. ಪ್ರೊಫೈಲ್ ಮಾಡಿ ಮೇಲಿನ ಪೋಸ್ಟಿಗೇ ಸೇರಿಸ್ತೀನಿ, ಯಾರಿಗಾದ್ರೂ ಬೇಕಾದ್ರೆ ತಗೊಳ್ಳಿ.